ಒಂಟಿಕಿವಿ

ಸತ್ತವಳಿಗೆ ಬಲಗಿವಿ ಕೇಳಿಸುತ್ತಿರಲಿಲ್ಲ. ಹುಟ್ಟಿದಾಗಿನಿಂದಲೂ ಇಲ್ಲ. ಇದು ಗೊತ್ತಿದ್ದೂ ಅವಳ ಅಣ್ಣ ಬಲಗಡೆಯೇ ಬಗ್ಗಿ ನಿಂತು ಶವದ ಹತ್ತಿರ ಏನೋ ಹೇಳುತ್ತಿದ್ದ.

"ಮಾವ, ಆ ಕಡೆ ಅಲ್ಲ" ಎಂದಳು ಸತ್ತವಳ ಅಕ್ಕನ ಮಗಳು.

ಅವನು ಮೇಜನ್ನು ಸುತ್ತುಹಾಕಿಕೊಂಡು ಎಡಗಡೆಗೆ ಬಂದ. ಅಷ್ಟರಲ್ಲಿ ಹೇಳಬೇಕಾದದ್ದು ಮರೆತುಹೋಯಿತೋ ಏನೋ, ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸತೊಡಗಿದ.

ಹಾಲ್ ಚಿತಾಗಾರಕ್ಕೆ ಸೇರಿದ್ದು. ಉದ್ದನೆಯ ಕೋಣೆ, ಕಬ್ಬಿಣದ ಕುರ್ಚಿಗಳು, ಮುಂದೆ ಶವ ಇಡುವ ಮೇಜು, ಅದರ ಹಿಂದೆ ಉಕ್ಕಿನ ಬಾಗಿಲು. ಗೋಡೆಯ ಎರಡು ಮೂಲೆಗಳಲ್ಲಿ ಒಂದೊಂದು ಸ್ಪೀಕರ್ ಪೆಟ್ಟಿಗೆ. ಒಂದು ಸಾವಿಗೆ ಅರ್ಧ ಗಂಟೆ. ಆಮೇಲೆ ಉಕ್ಕಿನ ಬಾಗಿಲು ತೆರೆಯುತ್ತದೆ, ಹೊರಗೆ ಮುಂದಿನವರು ಕಾಯುತ್ತಿರುತ್ತಾರೆ. ಹಾಲ್ ನೋಡಿಕೊಳ್ಳುವವನು ಇದನ್ನೆಲ್ಲ ಬಸ್ ಕಂಡಕ್ಟರನ ಹಾಗೆ ಒಂದೇ ಉಸಿರಿಗೆ ಒದರಿ, ಭಾಷಣ ಇದೆಯಾ, ಹಾಡು ಇದೆಯಾ ಎಂದು ಕೇಳಿದ.

ಹಾಡಿನ ವಿಷಯಕ್ಕೇ ಬೆಳಿಗ್ಗೆಯಿಂದ ಜಗಳ ನಡೆದಿತ್ತು. ಅಣ್ಣನಿಗೆ ಎಲ್ಲರ ಸಾವಿನಲ್ಲೂ ಹಾಕುವ ಹಾಡೇ ಬೇಕು. ಅಪ್ಪನಿಗೂ ಅದನ್ನೇ ಹಾಕಿದ್ದು, ಅಮ್ಮನಿಗೂ ಅದನ್ನೇ, ಅಕ್ಕನಿಗೂ ಅದನ್ನೇ. ಮೊದಲ ಸಾಲಿಗೇ ಜನರಿಗೆ ಅಳು ಬರುತ್ತದೆ, ಆ ಹಾಡು ಇರುವುದೇ ಅದಕ್ಕೆ ಎಂದು ಅವನ ವಾದ.

"ಚಿಕ್ಕಮ್ಮ ಹೇಳಿಹೋಗಿದಾಳೆ. ಸೈಕಲ್ ಹಾಡು ಹಾಕು ಅಂತ."

"ಯಾವುದದು ಸೈಕಲ್ ಹಾಡು? ಇಲ್ಲಿ ಬಂದಿರೋರಲ್ಲಿ ಒಬ್ರಿಗಾದ್ರೂ ಗೊತ್ತಾ?"

"ಗೊತ್ತಿಲ್ಲ ಅಂತಾನೇ ಹಾಕು ಅಂದಿದ್ದು."

"ನೋಡಮ್ಮ, ಬದುಕಿರೋವರೆಗೂ ಆ ಒಂಟಿಕಿವಿ ಕಾಟ ತಡ್ಕೊಂಡಿದೀನಿ. ಶುಕ್ರವಾರ ಬಂತು ಅಂದ್ರೆ ನನ್ನ ಫೋನಲ್ಲಿ ಯಾವನೋ ಒಬ್ಬ ಗಿಟಾರ್ ತಬ್ಕೊಂಡು ನರಳ್ತಿದ್ದ. ಇವತ್ತೊಂದು ದಿನ ಬೇಡ."

"ಇವತ್ತೂ ಶುಕ್ರವಾರಾನೇ ಮಾವ."

ಮೊದಲ ಸಾಲಿನಲ್ಲಿ ಕೂತಿದ್ದ ಹಲ್ಲಿನ ಡಾಕ್ಟರು ಮಧ್ಯೆ ಬಾಯಿ ಹಾಕಿದರು. "ಹಾಕಲಿ ಬಿಡಿ. ಅವಳು ಹಾಕಿದ ಹಾಡು ನನಗಂತೂ ಒಂದೂ ಹಿಡಿಸಿದ್ದಿಲ್ಲ, ನನ್ನ ಡ್ರಿಲ್ಲೇ ಇದಕ್ಕಿಂತ ಶ್ರುತಿಯಲ್ಲಿರುತ್ತೆ ಅಂತಿದ್ದೆ. ಆದ್ರೂ ಕೇಳಿದೀನಲ್ಲ. ಇನ್ನೊಂದು ಕೇಳೋಣ."

ಕೊನೆಗೆ ಒಪ್ಪಂದವಾಯಿತು. ಮೊದಲು ಸೈಕಲ್ ಹಾಡು, ಆಮೇಲೆ ಅಣ್ಣನ ಹಾಡು. ಜಗಳದಲ್ಲಿ ಕಳೆದು ಉಳಿದದ್ದರಲ್ಲಿ ಎರಡಕ್ಕೆ ಸರಿಯಾಗಿ ಸಮಯವಿತ್ತು, ಮೂರನೆಯದಕ್ಕೆ ಇರಲಿಲ್ಲ.

* * *

ಅವಳು ಬದುಕಿಡೀ ಕೆಲಸ ಮಾಡಿದ್ದು ಆ ಡಾಕ್ಟರ ಕ್ಲಿನಿಕ್ಕಿನ ಮುಂಗೋಣೆಯಲ್ಲೇ. ಫೋನ್ ಎತ್ತುವುದು, ಸರದಿ ಬರೆಯುವುದು, ಹತ್ತಿ ಮತ್ತು ಗ್ಲೌಸ್ ಮುಗಿಯುವ ಮುಂಚೆ ತರಿಸುವುದು, ಅಳುವ ಮಕ್ಕಳ ಕೈಗೆ ಪ್ಲಾಸ್ಟಿಕ್ ದವಡೆ ಕೊಟ್ಟು ಸುಮ್ಮನಾಗಿಸುವುದು. ಕಾಯುವವರಿಗೆಂದು ಎರಡು ಸ್ಪೀಕರ್ ಹಾಕಿಸಿದ ದಿನ ಡಾಕ್ಟರು, ಏನಾದರೂ ಮೆತ್ತಗಿನದು ಹಾಕು, ನಿನ್ನಿಷ್ಟ ಎಂದಿದ್ದರು. ಆ 'ನಿನ್ನಿಷ್ಟ' ಎಂಬ ಮಾತಿಗೆ ಅವರು ಆಮೇಲೆ ಬಹಳ ಪಶ್ಚಾತ್ತಾಪಪಟ್ಟರು.

ಹೊಸ ಹಾಡುಗಳು ಶುಕ್ರವಾರ ಬಿಡುಗಡೆಯಾಗುತ್ತವೆ. ಅವತ್ತು ಅವಳು ಎಲ್ಲರಿಗಿಂತ ಮುಂಚೆ ಬಂದು, ಬೀಗ ತೆಗೆದು, ಮೇಜಿನ ಧೂಳು ಕೂಡ ಹೊಡೆಯದೆ ಹೆಡ್‌ಫೋನ್ ಹಾಕಿಕೊಂಡು ಕೂರುತ್ತಿದ್ದಳು. ದೊಡ್ಡ ಕಂಪನಿಗಳ ಹಾಡು ಮುಟ್ಟುತ್ತಿರಲಿಲ್ಲ. ಯಾವುದೋ ಊರಿನ ಮುದುಕಿಯರು ಹಲ್ಲಿಲ್ಲದ ಬಾಯಲ್ಲಿ ಹಾಡಿದ ಜಾನಪದ, ಕುದುರೆಯನ್ನೇ ಕಂಡಿರದ ಹುಡುಗರು ಕುದುರೆಯ ಬಗ್ಗೆ ಹಾಡಿದ ಅಮೆರಿಕದ ಹಳ್ಳಿಧಾಟಿಯ ಕಂಟ್ರಿ, ಧ್ವನಿ ಗುಂಯ್ ಎನ್ನುತ್ತದೆಂದು ಕಂಪನಿಯಿಲ್ಲದವರು ಬಾತ್‌ರೂಮಿನಲ್ಲೇ ರೆಕಾರ್ಡ್ ಮಾಡಿದ ಇಂಡಿ ಹಾಡುಗಳು, ಇಂಥವೇ ಬೇಕು. ರಾಶಿ ಜಾಲಿಸಿದರೆ ಒಂದು ಸಿಗುತ್ತಿತ್ತು. ಸಿಕ್ಕಿದ್ದನ್ನು ಎಲ್ಲರಿಗೂ ಹಂಚುತ್ತಿರಲಿಲ್ಲ. ಇದು ಯಾರಿಗೆ ಆಗುತ್ತದೆ ಎಂದು ಯೋಚಿಸಿ ಒಬ್ಬರಿಗೇ ಕಳಿಸುತ್ತಿದ್ದಳು, ಜೊತೆಗೆ ಒಂದು ಸಾಲು. ಮೊದಲ ನಿಮಿಷ ಬೋರು, ಸಹಿಸಿಕೊ. ಬಸ್ಸಿನಲ್ಲಿ ಕೇಳು, ಅಡುಗೆಮನೆಯಲ್ಲಿ ಬೇಡ. ನಿನ್ನ ಗಂಡನಿಗೆ ಕೇಳಿಸಬೇಡ, ಕೆಲಸ ಬಿಟ್ಟಾನು.

ಅವಳ ಎಣಿಕೆ ಸರಿಯಿರುತ್ತಿತ್ತು ಎಂದೇನಿಲ್ಲ. ಇವನು ದೊಡ್ಡವನಾಗುತ್ತಾನೆ ಎಂದು ಅವಳು ಹೇಳಿದ ಹಾಡುಗಾರರಲ್ಲಿ ಹೆಚ್ಚಿನವರು ಎರಡನೇ ಹಾಡಿಗೇ ಸುಸ್ತಾದರು. ಇವಳದು ಬರೀ ಮೂಗಿನ ದನಿ ಎಂದು ಅವಳು ತಳ್ಳಿಹಾಕಿದ ಗಾಯಕಿಯ ಪೋಸ್ಟರನ್ನು ಮರುವರ್ಷ ಕ್ಲಿನಿಕ್ಕಿನ ಎದುರು ಗೋಡೆಗೇ ಅಂಟಿಸಿದ್ದರು. ಡಾಕ್ಟರು ಕಿಟಕಿ ತೆಗೆದು ತೋರಿಸಿದರು. ಅವಳು, ಈಗಲೂ ಮೂಗೇ ಎಂದಳು.

ದೊಡ್ಡ ಎಡವಟ್ಟು ಆದದ್ದು ಮೊದಲ ವರ್ಷ. ಒಬ್ಬ ಮುದುಕ ಪಿಟೀಲಿನ ಜೊತೆ ಹಾಡಿದ ಕಂಟ್ರಿ ಹಾಡೊಂದು ಸಿಕ್ಕಿತು. ಹೆಡ್‌ಫೋನಿನಲ್ಲಿ ಕೇಳಿ, ಸೂಜಿಗೆ ಹೆದರುವವರಿಗೆ ಇದಕ್ಕಿಂತ ತಣ್ಣಗಿನದು ಇಲ್ಲ ಎಂದು ಮುಂಗೋಣೆಯಲ್ಲಿ ಹಾಕಿದಳು. ಹಾಡನ್ನು ಎರಡು ಪಾಲು ಮಾಡಿ ಎಡಗಿವಿಗೆ ಒಂದಿಷ್ಟು, ಬಲಗಿವಿಗೆ ಒಂದಿಷ್ಟು ಹಂಚಿರುತ್ತಾರೆ ಎನ್ನುವುದು ಅವಳಿಗೆ ಗೊತ್ತಿರಲಿಲ್ಲ. ಬಲಗಡೆಯ ಪೆಟ್ಟಿಗೆಯಿಂದ ಡ್ರಮ್ಮು ಸಿಡಿಯಿತು. ರೂಟ್ ಕೆನಾಲ್‌ಗೆ ಬಂದಿದ್ದ ದಪ್ಪ ಮನುಷ್ಯನೊಬ್ಬ ಬಾಯಲ್ಲಿ ಹತ್ತಿ ಇಟ್ಟುಕೊಂಡೇ ಮೆಟ್ಟಿಲಿಳಿದು ಓಡಿದ. ಮತ್ತೆ ಬರಲಿಲ್ಲ.

ಅಂದಿನಿಂದ ಅವಳು ಪ್ರತಿ ಹಾಡನ್ನೂ ಎರಡು ಸಲ ಕೇಳತೊಡಗಿದಳು. ಒಮ್ಮೆ ನೆಟ್ಟಗೆ. ಇನ್ನೊಮ್ಮೆ ಹೆಡ್‌ಫೋನನ್ನು ಹಿಂದುಮುಂದು ತಿರುಗಿಸಿ, ಬಲಗಿವಿಯ ಪಾಲನ್ನು ಎಡಗಿವಿಗೆ ಹಾಕಿಕೊಂಡು. ಆಮೇಲೆ ಎರಡನ್ನೂ ತಲೆಯಲ್ಲೇ ಜೋಡಿಸಿಕೊಳ್ಳುತ್ತಿದ್ದಳು. ಬಿಲ್ಲು ಕೊಡಲು ನಿಂತವರು ಅವಳು ಹೆಡ್‌ಫೋನ್ ತಿರುಗಿಸುವುದನ್ನು ನೋಡಿ, ಕೆಟ್ಟಿದೆಯಾ ಎಂದು ಕೇಳುತ್ತಿದ್ದರು. ಹೂಂ, ನನ್ನದು ಎನ್ನುತ್ತಿದ್ದಳು.

* * *

ಸಾಯುವ ಹೊತ್ತಿಗೆ ಕಾಯಿಲೆ ಅವಳನ್ನು ಮಲಗಿಸಿ ಒಂದೂವರೆ ತಿಂಗಳಾಗಿತ್ತು. ಆಸ್ಪತ್ರೆಯಲ್ಲಿ ಅವಳಿಗೆ ಫೋನ್ ಹಿಡಿಯಲೂ ಆಗುತ್ತಿರಲಿಲ್ಲ. ಒಂದು ಶುಕ್ರವಾರ ಅಕ್ಕನ ಮಗಳು ಆಫೀಸಿನಿಂದ ನೇರ ಬಂದು, ನಾನೇ ಒಂದು ಹೊಸ ಹಾಡು ಹುಡುಕಿದೀನಿ ಎಂದು ತನ್ನ ಫೋನನ್ನು ಅವಳ ಎಡಗಿವಿಗೆ ಹಿಡಿದಳು. ಹುಡುಕಿದ್ದೇನೂ ಅಲ್ಲ, ಆ ವಾರ ಎಲ್ಲರ ಫೋನಿನಲ್ಲೂ ಇದ್ದದ್ದು. ಚಿಕ್ಕಮ್ಮ ಕಣ್ಣು ಮುಚ್ಚಿಕೊಂಡು ಪೂರ್ತಿ ಕೇಳಿದಳು.

"ಚೆನ್ನಾಗಿದೆ. ಇದಕ್ಕೆ ನಾನು ಬೇಕಿಲ್ಲ."

"ಹಂಗಂದ್ರೆ?"

"ಊರೆಲ್ಲ ಕೇಳುತ್ತೆ ಇದನ್ನ. ನಾನೊಬ್ಳು ಕೇಳದೇ ಇದ್ರೆ ಇದಕ್ಕೇನೂ ಆಗಲ್ಲ." ಅವಳೇ ಮುಂದುವರಿಸಿದಳು. "ಸೈಕಲ್ ಹಾಡು ಅಂತ ಒಂದಿದೆ ನನ್ನ ಫೋನಲ್ಲಿ, ಇಳಿಸಿಟ್ಟಿದೀನಿ. ನನ್ನ ದಿನ ಅದನ್ನ ಹಾಕು."

ಅಕ್ಕನ ಮಗಳಿಗೆ ಯಾವ ದಿನ ಎಂದು ಕೇಳಬೇಕಾಗಲಿಲ್ಲ. ಯಾರು ಹಾಡಿದ್ದು ಎಂದು ಮಾತ್ರ ಕೇಳಿದಳು.

"ಯಾರೋ ಲಿಫ್ಟ್ ರಿಪೇರಿಯವನು. ನೋಡಿಲ್ಲ, ಬರೀ ಮೆಸೇಜಲ್ಲಿ ಪರಿಚಯ. ದಡ್ಡ, ರೆಕಾರ್ಡ್ ಮಾಡೋಕೆ ಬರಲ್ಲ. ದನಿಯನ್ನೆಲ್ಲ ಎಡಕ್ಕೆ ಹಾಕಿದಾನೆ, ಗಿಟಾರನ್ನೆಲ್ಲ ಬಲಕ್ಕೆ. ಯಾರೂ ಹಂಗೆ ಮಾಡಲ್ಲ. ಮೊದಲ ಸಲ ಕೇಳಿದಾಗ ಬರೀ ಮನುಷ್ಯ. ತಿರುಗಿಸಿ ಹಾಕ್ಕೊಂಡೆ, ಬರೀ ಗಿಟಾರ್. ಎರಡು ಸಲಾನೂ ನನಗೆ ಏನೂ ಕಮ್ಮಿ ಅನ್ನಿಸಲಿಲ್ಲ ನೋಡು. ಆಮೇಲೆ ಅವನಿಗೇ ತಪ್ಪು ಗೊತ್ತಾಗಿ ಸರಿ ಮಾಡ್ತೀನಿ ಅಂದ. ಮುಟ್ಟಿದ್ರೆ ನೋಡು ಅಂತ ಬೈದಿದೀನಿ."

"ಮಾವ ಒಪ್ಪಲ್ಲ."

"ಒಪ್ಪಿಸು. ಪಾಪ, ಬೆರಳೆಣಿಕೆ ಜನ ಕೇಳ್ತಾರೆ ಅವನನ್ನ. ಸಾವಿಗೆ ಬಂದೋರು ಎದ್ದು ಹೋಗೋಹಂಗಿಲ್ಲ. ಹಲ್ಲಿನ ಕುರ್ಚಿ ಬಿಟ್ರೆ ಅಂಥ ಜಾಗ ಅದೊಂದೇ."

* * *

ಹಾಲ್ ನೋಡಿಕೊಳ್ಳುವವನು ಚಿಕ್ಕಮ್ಮನ ಫೋನಿಗೆ ತಂತಿ ಸಿಕ್ಕಿಸಿ ಕೊಟ್ಟ. ಅಕ್ಕನ ಮಗಳು ಹಾಡು ಒತ್ತಿದಳು.

ಗಿಟಾರು ಶುರುವಾಯಿತು. ಒಂದೇ ತಂತಿಯನ್ನು ಮೀಟುತ್ತ, ಎಡವುತ್ತ, ಮತ್ತೆ ಹಿಡಿದುಕೊಳ್ಳುತ್ತ ಹೋಗುವ ಸದ್ದು. ಜನ ಕೈಕಟ್ಟಿ ಕೇಳಿದರು. ಕ್ಲಿನಿಕ್ಕಿನ ನರ್ಸು ಕರವಸ್ತ್ರ ಸಿದ್ಧ ಮಾಡಿಕೊಂಡು ಕೂತಿದ್ದಳು, ಅಳುವುದಕ್ಕೆ ಹಾಡು ಇನ್ನೂ ಬಾಯಿ ತೆರೆದಿರಲಿಲ್ಲ. ಗಿಟಾರು ಒಂದು ಸುತ್ತು ಮುಗಿಸಿ ಇನ್ನೊಂದು ಸುತ್ತು ಹಿಡಿಯಿತು.

"ಹಾಡೋನು ಯಾವಾಗ ಬರ್ತಾನೆ?" ಎಂದು ಅಣ್ಣ ಪಿಸುಗುಟ್ಟಿದ.

ಅಕ್ಕನ ಮಗಳು ಎಡಮೂಲೆಯ ಪೆಟ್ಟಿಗೆಯ ಕೆಳಗೆ ಹೋಗಿ ಕಿವಿಯೊಡ್ಡಿ ನಿಂತಳು. ಅದು ಉಸಿರಾಡುತ್ತಿರಲಿಲ್ಲ. ಬಾಗಿಲ ಬಳಿ ನಿಂತಿದ್ದ ಹಾಲ್ ನೋಡಿಕೊಳ್ಳುವವನನ್ನು ಕೇಳಿದಳು.

"ಅದು ಹೋಗಿ ಬಹಳ ದಿನ ಆಯ್ತು" ಎಂದ ಅವನು. "ಭಾಷಣಕ್ಕೆ ಒಂದು ಸಾಕಲ್ವಾ. ಇಲ್ಲೀವರೆಗೆ ಯಾರೂ ದೂರು ಹೇಳಿಲ್ಲ."

ಹಿಂದಿನ ಸಾಲಿನಲ್ಲಿ, ಬಾಗಿಲ ಪಕ್ಕದ ಕುರ್ಚಿಯಲ್ಲಿ, ಗ್ರೀಸ್ ಕಲೆಯ ನೀಲಿ ಅಂಗಿಯವನೊಬ್ಬ ಕಾಲಿನ ನಡುವೆ ಹತ್ಯಾರದ ಚೀಲ ಇಟ್ಟುಕೊಂಡು ಕೂತಿದ್ದ. ತಲೆ ಬಗ್ಗಿಸಿದ್ದ. ಅವನ ತುಟಿ ಅಲ್ಲಾಡುತ್ತಿತ್ತು, ಸದ್ದಿರಲಿಲ್ಲ. ಗಿಟಾರು ನಿಂತಲ್ಲಿ ತುಟಿ ನಿಲ್ಲುತ್ತಿತ್ತು, ಹೊರಟಲ್ಲಿ ಹೊರಡುತ್ತಿತ್ತು. ಹಿಂದಿನ ದಿನ ಚಿಕ್ಕಮ್ಮನ ಫೋನಿನಿಂದ ಸಾವಿನ ಸುದ್ದಿ ಕಳಿಸಿದಾಗ, ಮುಖಪರಿಚಯ ಇಲ್ಲ, ಬರಬಹುದಾ ಎಂದು ಒಂದು ಉತ್ತರ ಬಂದಿದ್ದು ಅಕ್ಕನ ಮಗಳಿಗೆ ನೆನಪಾಯಿತು.

ಹಾಡು ಮುಗಿಯಿತು. ಡಾಕ್ಟರು ಕೆಮ್ಮಿದರು.

"ಇಷ್ಟೇನಾ?" ಎಂದ ಅಣ್ಣ.

ಅವಳು ಅವನ ಹತ್ತಿರ ಬಂದು ಕೆಟ್ಟ ಪೆಟ್ಟಿಗೆ ತೋರಿಸಿ ವಿಷಯ ಹೇಳಿದಳು. ದನಿ ಪೂರ್ತಿ ಆ ಮೂಲೆಯಲ್ಲಿ ಉಳಿದುಹೋಗಿದೆ, ಹಿಂದುಗಡೆಯ ತಂತಿಗಳನ್ನು ಅದಲು ಬದಲು ಮಾಡಿದರೆ ಈ ಪೆಟ್ಟಿಗೆಯಲ್ಲಿ ಕೇಳುತ್ತದೆ, ಆದರೆ ಉಳಿದಿರುವುದು ಒಂದು ಹಾಡಿನ ಸಮಯ. ಅದು ಅವನದು. ಬೇಕು ಎಂದು ಅವಳು ಕೇಳಲಿಲ್ಲ. ಕೇಳಿದರೆ ಅವನು ಬೇಡ ಎನ್ನುವುದು ಸುಲಭವಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು.

ಅಣ್ಣ ಸತ್ತ ಪೆಟ್ಟಿಗೆಯನ್ನು ನೋಡಿದ. ಮೇಜಿನ ಮೇಲೆ ಮಲಗಿದ್ದ ತಂಗಿಯನ್ನು ನೋಡಿದ.

"ಈ ಹಾಲ್‌ಗೂ ಒಂದೇ ಕಿವಿ" ಎಂದ. ಆಮೇಲೆ ಮೂಗು ಒರೆಸಿಕೊಂಡು, "ತಿರುಗಿಸಿ ಹಾಕು. ನನ್ನ ಹಾಡು ನನ್ನ ಸಾವಿಗೆ ಇಟ್ಕೊಳ್ತೀನಿ" ಎಂದ.

ಹಾಲ್ ನೋಡಿಕೊಳ್ಳುವವನು ಗೊಣಗಿದ. ಟೈಮ್ ಮೀರಿದರೆ ನನ್ನ ಕೇಳಬೇಡಿ ಎಂದ. ಅಕ್ಕನ ಮಗಳು ಮಂಡಿಯೂರಿ ಕೂತು ಆಂಪ್ಲಿಫೈಯರಿನ ಹಿಂದೆ ಕೈ ಹಾಕಿದಳು. ಕೆಂಪು ತಂತಿ ಕಿತ್ತಳು, ಬಿಳಿ ತಂತಿ ಕಿತ್ತಳು, ಕೆಂಪಿನ ಜಾಗಕ್ಕೆ ಬಿಳಿಯದನ್ನು ಚುಚ್ಚಿದಳು.

ಈ ಸಲ ಗಿಟಾರು ಇರಲಿಲ್ಲ. ಒಬ್ಬ ಮನುಷ್ಯನ ದನಿ, ಒಂಟಿ, ಸ್ವಲ್ಪ ಒಡಕು.

ಮೆಟ್ಟಿಲ ಕೆಳಗಿದೆ ಅಪ್ಪನ ಸೈಕಲ್ಲು,
ಚಕ್ರಕೆ ಗಾಳಿಯಿಲ್ಲ, ಆದರೂ ಬೀಗ ಇದೆ.

ಸಾಲಿಗೂ ಸಾಲಿಗೂ ನಡುವೆ ಅವನು ಸುಮ್ಮನಾಗುತ್ತಿದ್ದ. ಆ ಬಿಡುವಿನಲ್ಲಿ ಏನು ನುಡಿಯಬೇಕೆಂಬುದು ಹಾಲ್‌ನಲ್ಲಿ ಕೂತವರಿಗೆ ಆಗಲೇ ಗೊತ್ತಿತ್ತು. ಡಾಕ್ಟರ ಬೆರಳು ಕುರ್ಚಿಯ ಕೈಯ ಮೇಲೆ ಮೆಲ್ಲಗೆ ಆ ತಂತಿಯನ್ನು ಮೀಟುತ್ತಿತ್ತು. ಅಣ್ಣ ಬಾಯಿ ತೆರೆದುಕೊಂಡು ಕೇಳುತ್ತಿದ್ದ. ಹಿಂದಿನ ಸಾಲಿನ ನೀಲಿ ಅಂಗಿಯವನು ಈಗ ತುಟಿ ಬಿಗಿದುಕೊಂಡು ತನ್ನ ಚೀಲದ ಹಿಡಿಯನ್ನೇ ನೋಡುತ್ತಿದ್ದ. ಹಾಡು ಮುಗಿಯುವುದಕ್ಕೂ ಉಕ್ಕಿನ ಬಾಗಿಲು ಮೇಲೇಳುವುದಕ್ಕೂ ಸರಿಹೋಯಿತು.

ಹೊರಗೆ ಜನ ಚಪ್ಪಲಿ ಹುಡುಕುತ್ತ, ಯಾರ ಕಾರಿನಲ್ಲಿ ಯಾರು ಎಂದು ಮಾತಾಡಿಕೊಳ್ಳುತ್ತ ಚದುರಿದರು. ಡಾಕ್ಟರು ಬಂದು, ಆ ಹಾಡು ನನಗೆ ಕಳಿಸು ಎಂದು ಅಕ್ಕನ ಮಗಳಿಗೆ ಹೇಳಿದರು. ಕಳಿಸಿದರೆ ಕೇಳುತ್ತೀರಾ ಎಂದಳು. ಪ್ರಾಮಾಣಿಕ ಮನುಷ್ಯ. ಗೊತ್ತಿಲ್ಲ, ಅವಳು ಕಳಿಸಿದ್ದನ್ನೆಲ್ಲ ಕೇಳ್ತಿದ್ದದ್ದು ಸೋಮವಾರ ಬಂದು ಪರೀಕ್ಷೆ ಮಾಡ್ತಾಳೆ ಅಂತ ಎಂದರು.

ಲಿಫ್ಟಿನವನು ಗೇಟಿನ ಹತ್ತಿರ ನಿಂತಿದ್ದ. ಕೆಲಸದ ಮಧ್ಯೆ ಬಂದದ್ದು, ಯಾವುದೋ ಕಟ್ಟಡದಲ್ಲಿ ಲಿಫ್ಟು ನಾಲ್ಕನೇ ಮಹಡಿಯಲ್ಲೇ ನಿಂತಿದೆ, ಹೋಗಬೇಕು ಎಂದ. ಆದರೆ ಹೋಗಲಿಲ್ಲ.

"ಎರಡು ಸಲ ಹಾಕಿದ್ರಲ್ಲ" ಎಂದ. "ಅವರು ಕೇಳ್ತಿದ್ದಿದ್ದು ಹಂಗೇನಾ?"

"ಹಂಗೇ. ಅದು ಹೆಂಗಿರುತ್ತೆ ಅಂತ ನಮಗೂ ಇವತ್ತೇ ಗೊತ್ತಾಗಿದ್ದು."

ಅವನು ತಲೆಯಾಡಿಸಿದ. ಜೇಬಿನಿಂದ ಫೋನ್ ತೆಗೆದು ಗಾಜಿನ ಮೇಲಿನ ಗ್ರೀಸನ್ನು ತೋಳಿನಿಂದ ಒರೆಸಿದ.

"ತಿಂಗಳಿಗೆ ಹದಿನಾಲ್ಕು ಜನ ಕೇಳ್ತಿದ್ರು ನನ್ನನ್ನ. ಎರಡು ವಾರದ ಹಿಂದೆ ನೋಡಿದಾಗ ಬದಲಾಗಿತ್ತು. ಯಾರಿಗೋ ಬೇಜಾರಾಯ್ತೇನೋ ಅಂದ್ಕೊಂಡೆ."

ಫೋನನ್ನು ಅವಳ ಕಡೆ ತಿರುಗಿಸಿ ಹಿಡಿದ. ಹಾಡಿನ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿತ್ತು.

ಈ ತಿಂಗಳ ಕೇಳುಗರು: ಹದಿಮೂರು.