ಉಮರಬ್ಬ ಓದದ ಕೊನೆಯ ಅಧ್ಯಾಯ

ಡಿಸೆಂಬರಿನೊಳಗೆ ತಲಾ ಐವತ್ತು ಕಾದಂಬರಿ ಓದಿ ಮುಗಿಸಬೇಕೆಂದು ೧೯೬೧ರ ಹೊಸ ವರ್ಷದಲ್ಲಿ ಉಮರಬ್ಬ ಮತ್ತು ಚಿತ್ತರಂಜನ ನಿಶ್ಚಯಿಸಿದ್ದರು. ಉಮರಬ್ಬನಿಗೆ ಬಂದರಿನಲ್ಲಿ ಕೊಡೆಯ ಅಂಗಡಿ. ಚಿತ್ತರಂಜನ ಶಾಲಾ ಮಾಸ್ತರ. ಭಾನುವಾರ ಸಂಜೆ ಕದ್ರಿ ಗುಡ್ಡದಲ್ಲಿ ಕೂತು, ಓದಿದ್ದರ ಬಗ್ಗೆ ಜಗಳವಾಗುವಷ್ಟು ಮಾತಾಡುತ್ತಿದ್ದರು.

ಅಕ್ಟೋಬರಿನ ಒಂದು ಸಂಜೆ ಉಮರಬ್ಬ ಆ ವಾರ ಓದಿದ ಕಾದಂಬರಿಯ ಕಥೆ ಹೇಳಿ ಕೊನೆಗೆ ಅಂದ, "ಆ ಹೆಂಗಸು ಕೊನೆಗೆ ತವರಿಗೆ ಹೋದದ್ದು ಒಳ್ಳೆದಾಯ್ತು. ನನಗೆ ಸಮಾಧಾನ ಆಯ್ತು."

ಚಿತ್ತರಂಜನ ಬೆಚ್ಚಿದ. ಆ ಕಾದಂಬರಿಯನ್ನು ಅವನೂ ಓದಿದ್ದ; ಅದರ ಕೊನೆಯಲ್ಲಿ ಅವಳು ಹೊಳೆಗೆ ಹಾರಿದ್ದಳು.

"ಎಂತ ಮಾರಾಯ, ನೀನು ಕೊನೆಯ ಅಧ್ಯಾಯ ಓದಿದ್ದೀಯಾ?"

ಉಮರಬ್ಬ ತಲೆ ತಗ್ಗಿಸಿದ. "ಕಣ್ಣು ಹೋಗ್ತಾ ಉಂಟು. ಮದ್ದಿಲ್ಲ ಅಂತ ಡಾಕ್ಟರು ಹೇಳಿದ್ದಾರೆ. ಎರಡು ತಿಂಗಳಿಂದ ಅರ್ಧ ಓದ್ತೇನೆ, ಉಳಿದದ್ದು ನಾನೇ ಕಟ್ಟಿಕೊಳ್ತೇನೆ. ನೀನು ಓದಿರದ ಪುಸ್ತಕವನ್ನೇ ನಾನು ಆರಿಸ್ತಿದ್ದೆ. ಇದೊಂದನ್ನು ನೀನು ಓದಿದ್ದು ಗೊತ್ತಾಗ್ಲಿಲ್ಲ."

"ನನ್ನ ಹತ್ರ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಜಗಳ ನಿಲ್ಲಿಸ್ತಿದ್ದೆ."

ಚಿತ್ತರಂಜನ ಸ್ನೇಹಿತನ ಕೈ ಹಿಡಿದುಕೊಂಡು ಕೂತ.

ಮುಂದಿನ ಭಾನುವಾರದಿಂದ ಅವನೇ ಪುಸ್ತಕ ತಂದು ಗಟ್ಟಿಯಾಗಿ ಓದತೊಡಗಿದ. ಉಮರಬ್ಬ ಕಣ್ಣು ಮುಚ್ಚಿ ಕೇಳುತ್ತಿದ್ದ. ಮುಗಿದಾಗ "ಚಂದ ಉಂಟು" ಅನ್ನುತ್ತಿದ್ದ. ಜಗಳಕ್ಕೆಂದು ಚಿತ್ತರಂಜನ ಎಷ್ಟು ಕೆಣಕಿದರೂ ಉಮರಬ್ಬ ಅದಕ್ಕಿಂತ ಹೆಚ್ಚು ಮಾತಾಡುತ್ತಿರಲಿಲ್ಲ.