ಷಡ್ಡಕನಿಗೊಂದು ಪ್ರಶ್ನೆ

ಮೇಷ್ಟ್ರಿಗೆ ಷಡ್ಡಕನ ಮೇಲೆ ಹೊಟ್ಟೆಕಿಚ್ಚು ಶುರುವಾದದ್ದು ಅವನಿಗೆ ಗುಂಡೇಟು ಬಿದ್ದ ಮೇಲೆ. ಅದಕ್ಕೆ ಮುಂಚೆ ಅಂಥದ್ದಕ್ಕೆ ಆಸ್ಪದವೇ ಇರಲಿಲ್ಲ. ಇವರು ಹೈಸ್ಕೂಲಿನಲ್ಲಿ ಚರಿತ್ರೆ ಕಲಿಸುವವರು, ದಿನಕ್ಕೆ ಮೂರು ಪತ್ರಿಕೆಗಳನ್ನು ಮೂಲೆ ಬಿಡದೆ ಓದುವವರು. ಅವನೋ, ಹೆಂಡತಿಯ ತಂಗಿಯ ಗಂಡ, ವಿದೇಶಾಂಗ ಕಚೇರಿಯ ಡ್ರೈವರು. ಬಾಯಲ್ಲಿ ಎರಡು ಮಾತು ಬಂದರೆ ಹೆಚ್ಚು. ಭಾನುವಾರ ಮಾವನ ಮನೆಯ ಊಟದಲ್ಲಿ ಲೋಕದ ವಿಚಾರ ಎದ್ದರೆ ಎಲ್ಲರೂ ಮೇಷ್ಟ್ರ ಮುಖ ನೋಡುತ್ತಿದ್ದರು.

ಆಮೇಲೆ ಆ ದಾಳಿ ನಡೆಯಿತು. ಗಡಿಯ ಮಾತುಕತೆಗೆ ಬಂದಿದ್ದ ನೆರೆದೇಶದ ರಾಯಭಾರಿಗಳ ಎರಡು ಕಾರುಗಳನ್ನು ನಡುರಸ್ತೆಯಲ್ಲಿ ಅಡ್ಡಗಟ್ಟಿ ಗುಂಡು ಹಾರಿಸಿದರು. ಮುಂದಿನ ಕಾರು ಓಡಿಸುತ್ತಿದ್ದ ಷಡ್ಡಕ, ಭುಜಕ್ಕೆ ಗುಂಡು ತಗುಲಿದರೂ ಗಾಡಿಯನ್ನು ಪಕ್ಕದ ಓಣಿಗೆ ನುಗ್ಗಿಸಿ, ಇಬ್ಬರು ರಾಯಭಾರಿಗಳನ್ನು ಜೀವಸಹಿತ ಆಸ್ಪತ್ರೆ ಮುಟ್ಟಿಸಿದ. ಹಿಂದಿನ ಕಾರಿನವರು ಯಾರೂ ಉಳಿಯಲಿಲ್ಲ, ಜೊತೆಗಿದ್ದ ವಿದೇಶಾಂಗ ಕಚೇರಿಯ ಗುಮಾಸ್ತರೂ ಸೇರಿ.

ಮುಂದಿನ ಭಾನುವಾರ ಮಾವ ಕೇಳಿದರು, "ಯಾಕಯ್ಯಾ ಹೀಗಾಯ್ತು?"

"ಇದಕ್ಕೆ ಮೂಲ ಹೋದ ವರ್ಷದ ಗಡಿ ಒಪ್ಪಂದ," ಎಂದು ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. "ಹನ್ನೆರಡು ಹಳ್ಳಿ ಕಳ್ಕೊಂಡ ಹುಡುಗರು..."

"ನೀವಿರಿ, ಅಲ್ಲಿದ್ದವರು ಹೇಳ್ಲಿ," ಎಂದು ಮಾವ ತಡೆದರು.

"ನಂಗೇನ್ ಗೊತ್ತು ಮಾವ," ಎಂದ ಡ್ರೈವರು.

ಅಷ್ಟಕ್ಕೇ ಮಾವ ಏನೋ ದೊಡ್ಡ ಮಾತು ಕೇಳಿದವರಂತೆ ತಲೆದೂಗಿದರು. ಅತ್ತೆ ಅವನ ತಟ್ಟೆಗೆ ಇನ್ನೊಂದು ಸೌಟು ಬಡಿಸಿದರು. ಮೇಷ್ಟ್ರ ಸ್ವಂತ ಹೆಂಡತಿಯೇ, "ಪಾಪ, ಜಂಬವೇ ಇಲ್ಲ ನೋಡಿ," ಎಂದಳು. ಮೇಷ್ಟ್ರು ಕೈ ತೊಳೆಯಲು ಎದ್ದರು.

ಇದಾದ ಆರು ತಿಂಗಳಿಗೆ ಶಾಲೆಯ ಚರ್ಚಾಸ್ಪರ್ಧೆ ಬಂತು. ಹನ್ನೊಂದು ವರ್ಷದಿಂದ ಅಧ್ಯಕ್ಷರ ಕುರ್ಚಿ ಮೇಷ್ಟ್ರದ್ದೇ. ಈ ಸಲ ಮುಖ್ಯೋಪಾಧ್ಯಾಯಿನಿ ವಿಷಯ ಇಟ್ಟದ್ದು 'ರಾಯಭಾರಿಗಳ ಮೇಲಿನ ದಾಳಿಗೆ ಕಠಿಣ ಶಿಕ್ಷೆಯೊಂದೇ ಉತ್ತರ' ಎಂದು. ಕುರ್ಚಿ ಕೊಟ್ಟದ್ದು ಷಡ್ಡಕನಿಗೆ. "ನಿಮ್ಮ ಮನೆಯವರೇ ಅಲ್ವಾ ಸಾರ್, ನೀವೇ ಕರ್ಕೊಂಡು ಬನ್ನಿ," ಎಂದು ಬೇರೆ ಹೇಳಿದರು.

ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು, ಅತಿಥಿಯ ಮೇಲೆ ಕೈ ಮಾಡಿದವರಿಗೆ ದಯೆ ತೋರಿಸಿದರೆ ನಾಳೆ ನಮ್ಮ ಮನೆ ಬಾಗಿಲಿಗೆ ಯಾರೂ ಮಾತುಕತೆಗೆ ಬರುವುದಿಲ್ಲ ಎಂದಳು. ಎದುರು ಪಕ್ಷದವಳು ಎದ್ದು, ನೆಲ ಕಳೆದುಕೊಂಡವರ ಅರ್ಜಿಗಳನ್ನು ಒಬ್ಬರಾದರೂ ಬಿಚ್ಚಿ ನೋಡಿದ್ದರೆ ಬಂದೂಕು ಹೊರಗೆ ಬರುತ್ತಿತ್ತೇ ಎಂದು ಕೇಳಿದಳು. ಆ ವಾದ ಪೂರ್ತಿ ಮೇಷ್ಟ್ರು ತರಗತಿಯಲ್ಲಿ ಹೇಳಿದ್ದು, ಅಕ್ಷರ ಬಿಡದೆ. ಆದರೆ ಸಭೆ ಎದ್ದುನಿಂತು ಚಪ್ಪಾಳೆ ಹೊಡೆದದ್ದು ಡ್ರೈವರು ಮೈಕಿನ ಮುಂದೆ ಬಂದು, "ಎಲ್ಲರೂ ಚೆನ್ನಾಗಿ ಮಾತಾಡಿದ್ರಿ," ಎಂದಾಗ.

ಮೇಷ್ಟ್ರು ಕೈ ಎತ್ತಿದರು. ಕೇಳಬೇಕೆಂದಿದ್ದ ಪ್ರಶ್ನೆಯೊಂದನ್ನು ತಿಂಗಳುಗಟ್ಟಲೆ ಇಟ್ಟುಕೊಂಡಿದ್ದರು. ಯಾವುದೋ ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲು ಓದಿದ್ದರು.

"ಹಿಂದಿನ ಕಾರಿನ ಗುಮಾಸ್ತರ ದೇಹ ಸಿಕ್ಕಿದ್ದು ಅವರ ಕಾರಿನಿಂದ ಮೂವತ್ತು ಹೆಜ್ಜೆ ಮುಂದೆ. ಅಂದ್ರೆ ನಿಮ್ಮ ಕಾರು ನಿಂತಿದ್ದ ಕಡೆ. ಅವರು ನಿಮ್ಮ ಹತ್ತಿರ ಬಂದಿದ್ರಾ?"

ಮನೆಯಲ್ಲಿ 'ನೀನು' ಎನ್ನುತ್ತಿದ್ದವರು 'ನೀವು' ಎಂದದ್ದು ಡ್ರೈವರಿಗೆ ತಿಳಿಯಿತು. ಅವನು ಮೈಕು ಬಿಡಲಿಲ್ಲ.

"ಬಂದಿದ್ರು. ಎಂಜಿನ್ ನಿಂತ್ಹೋಗಿತ್ತು, ಸ್ಟಾರ್ಟ್ ಮಾಡ್ತಿದ್ದೆ. ಅವ್ರು ಕಿಟಕಿ ಬಡಿದ್ರು. ಬಾಗಿಲು ತೆಗೀಬಾರ್ದು ಅಂತ ನಮಗೆ ಆರ್ಡರು." ಮತ್ತೆ ತಾನೇ ತಿದ್ದಿಕೊಂಡ, "ಆರ್ಡರು ಅಂತಲ್ಲ. ಹೆದರಿಕೆ ಆಯ್ತು. ತೆಗೀಲಿಲ್ಲ."

ಮೇಷ್ಟ್ರು ಗೆದ್ದಿದ್ದರು, ಕೂರಲು ಹೋದರೆ ಕುರ್ಚಿ ಎಲ್ಲಿದೆಯೆಂದು ತಿಳಿಯಲಿಲ್ಲ.

ಮನೆಯಲ್ಲಿ ಹೆಂಡತಿ ಮಾತು ಬಿಟ್ಟಳು. ನಾದಿನಿ ಫೋನು ಎತ್ತಲಿಲ್ಲ. ಮೂರು ಭಾನುವಾರ ಮಾವನ ಊಟದ ಮೇಜಿನಲ್ಲಿ ಷಡ್ಡಕ, ನಾದಿನಿಯ ಎರಡು ಕುರ್ಚಿ ಖಾಲಿ. ನಾಲ್ಕನೆಯ ವಾರ ಡ್ರೈವರು ತಾನೇ ಶಾಲೆಯ ಗೇಟಿನ ಹತ್ತಿರ ಬಂದು ನಿಂತಿದ್ದ. ಜಗಳಕ್ಕೇ ಬಂದಿದ್ದಾನೆಂದು ಮೇಷ್ಟ್ರು ಎದೆ ಗಟ್ಟಿ ಮಾಡಿಕೊಂಡರು.

"ಭಾವ, ಆ ಗುಮಾಸ್ತರ ಹೆಂಡ್ತಿ ಬರಕ್ಕೆ ಹೇಳಿದಾರೆ. ನಂಗೆ ಮಾತು ಬರಲ್ಲ. ಯಾಕಾಯ್ತು, ಸರ್ಕಾರ ಏನ್ ಮಾಡ್ತಿದೆ ಅಂತೆಲ್ಲ ಕೇಳಿದ್ರೆ ನೀವಾದ್ರೆ ಹೇಳ್ತೀರ. ಬರ್ತೀರಾ?"

ಮೇಷ್ಟ್ರು ಹೋದರು. ಕತ್ತರಿಸಿಟ್ಟ ಪತ್ರಿಕೆಯ ತುಣುಕುಗಳ ಕಡತವನ್ನೂ ಕಂಕುಳಲ್ಲಿ ಇಟ್ಟುಕೊಂಡೇ ಹೋದರು. ಎರಡು ಕೋಣೆಯ ಮನೆ. ಆಕೆ ಇಬ್ಬರಿಗೂ ನೀರು ಕೊಟ್ಟು, ತನ್ನ ಕುರ್ಚಿಯನ್ನು ಡ್ರೈವರ ಎದುರಿಗೆ ಎಳೆದುಕೊಂಡಳು. ಒಪ್ಪಂದ ಕೇಳಲಿಲ್ಲ, ಶಿಕ್ಷೆ ಕೇಳಲಿಲ್ಲ.

"ಕಿಟಕಿ ಬಡಿದಾಗ ಅವ್ರು ಏನಾದ್ರೂ ಅಂದ್ರಾ?"

"ಗಾಜು ಮುಚ್ಚಿತ್ತಮ್ಮ. ಬಾಯಿ ಆಡ್ತಿತ್ತು. ಕೇಳಿಸ್ಲಿಲ್ಲ."

ಬೈಯುತ್ತಾಳೆಂದುಕೊಂಡರು ಮೇಷ್ಟ್ರು. ಆಕೆ, "ಆ ದಿನ ಅವ್ರು ಕನ್ನಡಕ ಹಾಕ್ಕೊಂಡಿದ್ರಾ?" ಎಂದು ಕೇಳಿದಳು. ಅವನು ಹೌದೆಂದ. ಮತ್ತೆ ಮತ್ತೆ ಅಂಥವೇ ಪ್ರಶ್ನೆಗಳು, ಅಂಥವೇ ಚಿಕ್ಕ ಉತ್ತರಗಳು. ಗಂಟೆ ಕಳೆಯಿತು. ಮೇಷ್ಟ್ರ ಕಡೆ ಯಾರೂ ತಿರುಗಲಿಲ್ಲ. ಅಲ್ಲೂ, ಆ ಮನೆಯಲ್ಲೂ, ಅವರ ಹಳೆಯ ಹೊಟ್ಟೆಕಿಚ್ಚು ಒಂದು ಸಲ ಭುಗ್ಗೆಂದಿತು. ಅದು ತಮಗೇ ಗೊತ್ತಾಗಿ ಮೇಷ್ಟ್ರು ಕಡತವನ್ನು ಕುರ್ಚಿಯ ಕೆಳಗೆ ಸರಿಸಿದರು.

ಬೀದಿಗೆ ಬಂದಾಗ ಡ್ರೈವರು ಎರಡು ಮೂರು ಸಲ ಒತ್ತಿದರೂ ಬೀಗದ ಕೈ ಗಾಡಿಯ ಬಾಗಿಲಿಗೆ ಕೂರಲಿಲ್ಲ.

"ಗಾಡಿ ಇಲ್ಲೇ ಇರ್ಲಿ ಬಿಡು," ಎಂದರು ಮೇಷ್ಟ್ರು. "ಬಸ್ಸಲ್ಲಿ ಹೋಗೋಣ."