ನಿಂತು ಬಡಿದ ರೊಟ್ಟಿ

ಶಿವಬಸವ್ವನ ಎದೆಗೊಂದು ಪಟ್ಟಿ, ಸೊಂಟಕ್ಕೊಂದು ಪಟ್ಟಿ. ಮಂಚದ ಕಾಲ ಬುಡದಲ್ಲಿರುವ ಯಂತ್ರ ಸೊಂಟದ ಪಟ್ಟಿಯನ್ನು ಹಗ್ಗದಿಂದ ಮೆಲ್ಲಗೆ ಎಳೆಯುತ್ತದೆ, ತುಸು ಹೊತ್ತು ಹಿಡಿದು ಸಡಿಲ ಬಿಡುತ್ತದೆ, ಮತ್ತೆ ಎಳೆಯುತ್ತದೆ. ಇಪ್ಪತ್ತಾರು ವರ್ಷ ಖಾನಾವಳಿಯಲ್ಲಿ ನೆಲಕ್ಕೆ ಕೂತು ರೊಟ್ಟಿ ಬಡಿದು ಬಡಿದು ಒಂದರ ಮೇಲೊಂದು ಕುಸಿದಿದ್ದ ಬೆನ್ನಿನ ಮಣಿಗಳ ನಡುವೆ ಆಗ ತುಸು ಗಾಳಿ ಆಡಿದಂತಾಗುತ್ತದೆ. ಟ್ರಾಕ್ಷನ್ ಅಂದರೆ ಕಟ್ಟಿಹಾಕಿ ಜಗ್ಗುತ್ತಾರೆ ಎಂದು ಹೆದರಿ ದೇಶಪಾಂಡೆ ನಗರದ ಈ ದವಾಖಾನೆಗೆ ಬಂದವಳು, ಮೂರನೇ ವಾರಕ್ಕೆ ಅದರ ಮೇಲೆಯೇ ಸಣ್ಣ ನಿದ್ದೆ ತೆಗೆಯುತ್ತಿದ್ದಳು.

ಯಂತ್ರಕ್ಕೆ ಮೊದಲು ಕೈ. ಫಿಸಿಯೋಥೆರಪಿ ಡಾಕ್ಟರು ಚಿನ್ಮಯೀ ಧಾರವಾಡದ ಹುಡುಗಿ. ಮೊದಲ ದಿನ ಆಕೆ ಬೆನ್ನು ಒತ್ತತೊಡಗಿದಾಗ ಶಿವಬಸವ್ವ ಮಕಾಡೆ ಮಲಗಿದಲ್ಲಿಂದಲೇ ತಪ್ಪು ತೆಗೆದಿದ್ದಳು.

"ಬಾಯಾರ, ಇದು ಚಪಾತಿ ಹಿಟ್ಟು ನಾದಿದಂಗ ಆತು. ಅಂಗೈ ಬುಡ ಕೊಡ್ರಿ, ಜ್ವಾಳದ ಹಿಟ್ಟಿಗೆ ಕೊಟ್ಟಂಗ."

"ಸುಮ್ನ ಮಲಕೋರಿ ಅಕ್ಕಾರ. ನಾ ನಿಮಗ ರೊಟ್ಟಿ ಬಡಿಯೂದು ಹೇಳಿಕೊಟ್ಟೇನೇನು?" ಎಂದು ನಕ್ಕರೂ ಚಿನ್ಮಯೀ ಅಂಗೈ ಬುಡವನ್ನೇ ಕೊಟ್ಟಳು. ಹೆಗಲಮೂಳೆಯ ಕೆಳಗೆ ಅಡಿಕೆಯಷ್ಟು ಗಂಟೊಂದು ಸಿಕ್ಕಿತು. ಹೆಬ್ಬೆರಳಿಟ್ಟು ಅದುಮಿ, ಅದು ತಾನಾಗಿ ಮೆತ್ತಗಾಗುವ ತನಕ ಕಾದಳು. "ಗಂಟು ನಾ ಬಿಡಸ್ತೇನಿ. ನೀವು ಮತ್ತ ನೆಲಕ್ಕ ಕುಂತು ಬಗ್ಗಿದ್ರ ಎಂಟ ದಿನದಾಗ ವಾಪಸ್ ಬರತಾವ. ಕಟ್ಟಿ ಮ್ಯಾಲೆ ಕಲ್ಲು ಇಟ್ಟು ನಿಂತು ಬಡೀರಿ."

"ನಿಂತು ಬಡದ್ರ ಅದು ರೊಟ್ಟಿ ಆಗಂಗಿಲ್ಲರಿ," ಎಂದಳು ಶಿವಬಸವ್ವ. ಆಕೆಯನ್ನು ನೆಲಕ್ಕೆ ಕೂರಿಸಿದವರು ಬೇರೆಯವರಿರಬಹುದು, ಆದರೆ ರೊಟ್ಟಿ ಹುಟ್ಟುವುದೇ ನೆಲದ ಮೇಲೆ ಎಂದು ಆಕೆಯೂ ಅಷ್ಟೇ ಗಟ್ಟಿಯಾಗಿ ನಂಬಿದ್ದಳು.

ನಂಬಿಕೆ ಒಡೆದದ್ದು ಮನೆಯ ಗ್ಯಾಸ್ ಕಟ್ಟೆಯ ಮೇಲೆ. ಮೊದಲಿನ ಎರಡು ರೊಟ್ಟಿ ಅಂಚು ಹರಿದವು. ಕೂತಾಗ ಇಡೀ ಮೈಯ ಭಾರ ಅಂಗೈಗೆ ಇಳಿಯುತ್ತದೆ, ಕಟ್ಟೆ ಎತ್ತರವಾದರೆ ಬರೀ ತೋಳು ದುಡಿಯುತ್ತದೆ. ಅದು ಹೊಳೆದದ್ದೇ, ಇಷ್ಟು ವರ್ಷ ತಾನು ಕೂರುತ್ತಿದ್ದ ಮಣೆಯನ್ನು ಎಳೆದು ಕಾಲಡಿಗೆ ಹಾಕಿಕೊಂಡಳು. ಮೂರನೆಯದು ಕಲ್ಲಿನ ತುಂಬ ಹರಡಿ, ಹಂಚಿನ ಮೇಲೆ ಪೂರಿಯಂತೆ ಉಬ್ಬಿತು. ಶಿವಬಸವ್ವ ಅದನ್ನು ನಿಂತೇ ತಿಂದಳು.

ರಜೆ ಮುಗಿಸಿ ಬಂದ ಮೇಲೆ ನಿಂತೇ ಬಡಿಯುತ್ತೇನೆಂದು ಅಂದೇ ಖಾನಾವಳಿಯ ಮಾಲೀಕ ಸಿದ್ದಲಿಂಗಪ್ಪನಿಗೆ ಹೇಳಿದಳು. ಆತ ಮೊಬೈಲಿನಿಂದ ತಲೆ ಎತ್ತಲಿಲ್ಲ. "ನಮ್ಮವ್ವ ಕುಂತು ಬಡದಾಳ. ಗಿರಾಕಿ ಬರೂದ ಅದನ್ನ ನೋಡಾಕ. ಕುಂತು ಬಡಿಯೂದಾದ್ರ ಸೋಮವಾರದಿಂದ ಬಾ, ಇಲ್ಲಂದ್ರ ಮನ್ಯಾಗ ಆರಾಮ ಇರು."

ಗಿರಾಕಿಗಳು ನೋಡಲೆಂದೇ ಆತ ಊಟದ ಕೋಣೆಗೂ ಒಲೆಗಳಿಗೂ ನಡುವೆ ದೊಡ್ಡ ಗಾಜು ಹಾಕಿಸಿದ್ದ. ಅದರಾಚೆ ಆರು ಹೆಂಗಸರು, ಆರು ಒಲೆ. ಪೇಟೆಯವರು ಹಳ್ಳಿಯನ್ನು ನೋಡಿ ಖುಷಿಪಡುತ್ತ ಉಣ್ಣುತ್ತಿದ್ದರು. ಅವರ ಖುಷಿಗೆ ಆರು ಬೆನ್ನು ಬಗ್ಗಬೇಕಿತ್ತು.

ಬೆನ್ನು ಬೇಕೆಂದರೆ ಕೆಲಸ ಬಿಡಬೇಕು, ಕೆಲಸ ಬೇಕೆಂದರೆ ಬೆನ್ನು. ಸೋಮವಾರಕ್ಕೆ ಎರಡೇ ದಿನ ಉಳಿದಿತ್ತು. ಶನಿವಾರ ಬೆಳಿಗ್ಗೆ ಆಕೆ ಅದನ್ನೇ ಯೋಚಿಸುತ್ತ ಯಂತ್ರದಲ್ಲಿ ಮಲಗಿದ್ದಾಗ ಪರದೆಯ ಆಚೆ ಪರಿಚಯದ ಕೆಮ್ಮು ಕೇಳಿತು. ಪರದೆಯ ಸಂದಿಯಿಂದ ನೋಡಿದರೆ ಸಿದ್ದಲಿಂಗಪ್ಪ. ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದಾನೆ, ಗದ್ದಕ್ಕೆ ಪಟ್ಟಿ, ಪಟ್ಟಿಯ ಹಗ್ಗ ಗೋಡೆಯ ಗಾಲಿಯನ್ನು ಹಾಯ್ದು ಇನ್ನೊಂದು ತುದಿಯಲ್ಲಿ ತೂಕ ಹೊತ್ತಿದೆ.

"ಹದಿನೈದು ನಿಮಿಷ ಮಾತಾಡಬ್ಯಾಡ್ರಿ, ದವಡಿ ಅಲ್ಲಾಡಬಾರದು," ಎಂದು ಚಿನ್ಮಯೀ ಆತನ ಕೈಗೊಂದು ಗಂಟೆಯ ಗುಂಡಿ ಕೊಟ್ಟಳು. "ನೋವಾದ್ರ ಇದನ್ನ ಒತ್ರಿ." ಆಕೆ ಒಳಗೆ ಹೋದಳು.

ಇಂಥ ಹದಿನೈದು ನಿಮಿಷ ಇಪ್ಪತ್ತಾರು ವರ್ಷದಲ್ಲಿ ಒಮ್ಮೆಯೂ ಸಿಕ್ಕಿರಲಿಲ್ಲ.

"ಮಾಲಕ್ರ, ನಾನ್ರಿ, ಶಿವಬಸವ್ವ. ಏಳಬ್ಯಾಡ್ರಿ, ನನಗೂ ಏಳಾಕ ಬರಂಗಿಲ್ಲ. ಇಬ್ಬರನ್ನೂ ಕಟ್ಟ್ಯಾರ."

ಆಚೆ ಕುರ್ಚಿ ಕಿರ್ ಎಂದಿತು.

"ಕುರ್ಚಿ ಮ್ಯಾಲೆ ಕುಂತು ಮೊಬೈಲ್ ನೋಡಿದ್ದಕ್ಕ ನಿಮ್ಮ ಕುತಗಿ ಹಿಂಗಾಗೇತಿ. ನಾವು ನೆಲದ ಮ್ಯಾಲೆ ದಿನಾ ಏಳ ತಾಸು. ದಾಕ್ಷಾಯಿಣಿ ಎಡಗಾಲು ಜೋಮು ಹಿಡದು ಆರ ತಿಂಗಳಾತು. ನಿಮಗ ಹೇಳ್ಯಾಳೇನು? ಹೇಳಿಲ್ಲ. ಹೇಳಿದ್ರ ಮನಿಗೆ ಕಳಸ್ತೀರಿ ಅಂತ ಅಂಜಿಕಿ."

ಗಂಟೆ ಬಡಿಯಿತು. ಚಿನ್ಮಯೀ ಓಡಿಬಂದಳು. "ನೋವಾತೇನ್ರಿ?" ಸಿದ್ದಲಿಂಗಪ್ಪ ಪರದೆಯ ಕಡೆ ಬೆರಳು ತೋರಿಸಿದ.

"ಕುತಗಿ ನೋವಾತೇನ್ರಿ?"

ಇಲ್ಲ ಎಂದು ಕೈ ಆಡಿಸಿದ.

"ಮತ್ತ ಅದು ಕುತಗಿಗಷ್ಟ ಒತ್ತೂ ಗಂಟಿರಿ," ಎಂದು ಆಕೆ ತುಟಿ ಕಚ್ಚಿಕೊಂಡು ಹೋದಳು.

"ನಿಮ್ಮವ್ವ ಕುಂತು ಬಡದ್ಲು, ಖರೇ," ಶಿವಬಸವ್ವ ಬಿಟ್ಟಲ್ಲಿಂದ ಹಿಡಿದಳು. "ಮನಿ ಮಂದಿಗೆ ಬಡದ್ಲು. ನಾವು ಊರಿಗೆ ಬಡೀತೇವಿ. ಮಂದಿ ಮ್ಯಾಲಿಂದ ಫೋಟೋ ತಗೀತಾರ, ಅದರಾಗ ನಮ್ಮ ಬೈತಲಿ ಕಾಣತೈತಿ, ನೋವು ಕಾಣಂಗಿಲ್ಲ. ಸೋಮವಾರ ಆರೂ ಮಂದಿ ಬರ್ತೇವ್ರಿ. ಆದ್ರ ಕುಂದ್ರಂಗಿಲ್ಲ."

ಸಮಯ ಮುಗಿದು ಪಟ್ಟಿ ಬಿಚ್ಚಿದಾಗ ಸಿದ್ದಲಿಂಗಪ್ಪ ದವಡೆ ಉಜ್ಜಿಕೊಂಡ. "ನಿಂತು ಬಡದಿದ್ದು ದಪ್ಪ ಆಗತೈತಿ," ಎಂದ.

"ತಿಂದು ಹೇಳ್ರಿ."

ಆ ಭಾನುವಾರ ಶಿವಬಸವ್ವ ಐದು ಮನೆ ತಿರುಗಿದಳು. ದಾಕ್ಷಾಯಿಣಿ ಕೊನೆಗೆ ಒಪ್ಪಿದಳು. ಊರಲ್ಲಿ ನ್ಯಾಯ ಕೇಳುವವರು ಧರಣಿ ಕೂರುತ್ತಾರೆ. ಇವರು ಸೋಮವಾರ ಆರು ಒಲೆಗಳ ಮುಂದೆ ನಿಂತರು. ಹನ್ನೊಂದಾಯಿತು, ಒಲೆ ಹತ್ತಲಿಲ್ಲ. ಗಿರಾಕಿ ಬರುವ ಹೊತ್ತು ಸಮೀಪಿಸಿದಾಗ ಸಿದ್ದಲಿಂಗಪ್ಪ ತರಕಾರಿ ಹೆಚ್ಚುವ ಸ್ಟೀಲ್ ಟೇಬಲ್ಲಿನತ್ತ ನೋಡಿ, "ಹಾಕ ನೋಡೂಣು ಒಂದ," ಎಂದ.

ಕಲ್ಲನ್ನೂ ಒಲೆಯನ್ನೂ ಟೇಬಲ್ಲಿನ ಮೇಲಿಟ್ಟರು. ಮಣೆ ಕಾಲಡಿಗೆ ಹೋಯಿತು. ಶಿವಬಸವ್ವನ ಅಂಗೈ ತಟತಟನೆ ಬಿದ್ದಿತು, ಬೆನ್ನು ನೆಟ್ಟಗಿತ್ತು. ಬಿಸಿ ರೊಟ್ಟಿಯನ್ನು ಸಿದ್ದಲಿಂಗಪ್ಪ ಬೆಳಕಿಗೆ ಹಿಡಿದು ನೋಡಿದ, ಅಂಚು ಮುರಿದು ನೋಡಿದ, ಝುಣಕದ ಜೊತೆ ತಿಂದ. ತಾಟು ಮುಂದೆ ಹಿಡಿದ.

"ಹೆಂಗೈತ್ರಿ?" ಎಂದಳು ದಾಕ್ಷಾಯಿಣಿ.

"ಇನ್ನೊಂದ ಹಾಕು ಅಂದ್ರ ಗೊತ್ತಾಗೂದಿಲ್ಲೇನು?"

ಆ ವಾರವೇ ಗೌಂಡಿ ಶಾಬುದ್ದೀನ ಬಂದು, ಒಬ್ಬೊಬ್ಬರ ಸೊಂಟಕ್ಕೆ ಅಳತೆ ಹಿಡಿದು, ಕಡಪಾ ಕಲ್ಲಿನ ಕಟ್ಟೆ ಕಟ್ಟಿದ. ಗಾಜು ಅಲ್ಲೇ ಇದೆ, ಗಿರಾಕಿಗಳು ಈಗಲೂ ಮೊಬೈಲ್ ಎತ್ತುತ್ತಾರೆ. ಆದರೆ ಈಗ ಅವರ ಎದುರಿಗೆ ಆರು ಜೋಡಿ ಕಣ್ಣು ಇರುತ್ತವೆ. ಕೆಲವರು ಫೋಟೋ ತೆಗೆಯುವ ಮೊದಲು ಕೇಳುತ್ತಾರೆ.

ಶಿವಬಸವ್ವ ವಾರಕ್ಕೊಮ್ಮೆ ಬೆನ್ನು ಒತ್ತಿಸಿಕೊಳ್ಳಲು ಹೋಗುತ್ತಾಳೆ. ಯಂತ್ರ ಬೇಡವೆಂದಿದ್ದಾಳೆ ಚಿನ್ಮಯೀ. ಸಿದ್ದಲಿಂಗಪ್ಪನಿಗೆ ಮಾತ್ರ ಅರ್ಧ ತಾಸಿಗೊಮ್ಮೆ ತಲೆ ಎತ್ತಬೇಕೆಂದು ಹೇಳಿದ್ದಾಳೆ, ಆತ ಮರೆಯುತ್ತಾನೆ.

"ಮಾಲಕ್ರ, ತಲಿ ಮ್ಯಾಲೆ," ಎಂದು ಮಣೆಯ ಮೇಲೆ ನಿಂತ ಶಿವಬಸವ್ವ ಗಾಜು ತಟ್ಟುತ್ತಾಳೆ. ಆತ ಮೊಬೈಲ್ ಬಿಟ್ಟು, ಕುತ್ತಿಗೆ ಎತ್ತಿ ಆಕೆಯ ಮುಖ ನೋಡುತ್ತಾನೆ.